ಎದೆಯ ಫೋಟೋದಲ್ಲಿ ಲಿಂಗವಿರಲಿಲ್ಲ

೧೯೫೮ರ ಜೂನ್ ೨೩, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ನಾಗಪುರದ ಗಾಂಧಿಬಾಗ್ ಠಾಣೆಗೆ ಮಹಾದೇವಮ್ಮ ಎಂಬ ಹೆಂಗಸು ಬಂದು, ಸೆರಗಿನಲ್ಲಿ ಸುತ್ತಿ ತಂದಿದ್ದ ಎಕ್ಸ್‌ರೇ ಫಿಲ್ಮನ್ನು ಮೇಜಿನ ಮೇಲಿಟ್ಟಳು. ಹರಕು ಮರಾಠಿಯಲ್ಲಿ ಅವಳು ಹೇಳಿದ್ದನ್ನು ಹೆಡ್ ಕಾನ್‌ಸ್ಟೆಬಲ್ ಶಾಮರಾವ್ ಎರಡು ಸಲ ಕೇಳಿಸಿಕೊಂಡು, ನಗು ತಡೆಯಲಾರದೆ ಒಳಗೆ ಬಂದ.

"ಸಾಹೇಬ, ಮಗನ ಫೋಟೋದಲ್ಲಿ ದೇವರು ಬಂದಿಲ್ಲವಂತೆ. ಕಂಪ್ಲೇಂಟ್ ಬರೆದುಕೊಳ್ಳಬೇಕಂತೆ!"

ಸಬ್ ಇನ್‌ಸ್ಪೆಕ್ಟರ್ ರುದ್ರಪ್ಪನಿಗೆ ನಗು ಬರಲಿಲ್ಲ. ಅವನು ಬೆಳಗಾವಿ ಕಡೆಯವನು. ರಾಜ್ಯಗಳನ್ನು ಹಂಚಿದಾಗ ಊರು ಮೈಸೂರಿನ ಪಾಲಾಯಿತು, ಅವನ ನೌಕರಿ ಮುಂಬಯಿಯ ಪಾಲಿಗೇ ಉಳಿಯಿತು. ವರ್ಗದ ಮೇಲೆ ಈ ಸುಡುವ ಊರಿಗೆ ಬಂದು ಬಿದ್ದಿದ್ದ. ಠಾಣೆಯಲ್ಲಿ ಕನ್ನಡ ಮಾತಾಡುವವರು ಸಿಗುವುದೇ ಅಪರೂಪ.

"ಕೂಡ್ರಿ ಯವ್ವಾ. ಕನ್ನಡದಾಗ ಹೇಳ್ರಿ."

ಆ ಒಂದು ಮಾತಿಗೇ ಮಹಾದೇವಮ್ಮನ ಕಣ್ಣು ತುಂಬಿದವು. "ನನ್ನ ಮಗ ಬಸವಂತ, ರೇಲ್ವೆದಾಗ ಫೈರಮನ್ ಕೆಲಸಕ್ಕ ಆರಿಸಿ ಬಂದಿದ್ದ. ಎದಿ ಫೋಟೋ ತಗಸ್ರಿ ಅಂದ್ರು, ಏಪ್ರಿಲದಾಗ ತಗಸಿದ. ಕ್ಷಯ ಐತಿ ಅಂದುಬಿಟ್ರು. ಕೆಲಸ ಹೋತು. ಗೊತ್ತಾಗಿದ್ದ ಹೆಣ್ಣಿನ ಮನಿಯವರು ಹೊಳ್ಳಿ ನೋಡಲಿಲ್ಲ. ಈಗ ವಾಡಿ ಆಚೀಕಿನ ಕ್ಷಯದ ದವಾಖಾನ್ಯಾಗ ಮಲಗ್ಯಾನ. ಮೊನ್ನೆ ಪೆಟಗಿ ತಗದಾಗ ಈ ಫೋಟೋ ಕೈಗೆ ಬಂತು. ನೋಡ್ರಿ ಸಾಹೇಬ್ರ, ಇದರಾಗ ಲಿಂಗ ಎಲ್ಲೈತಿ?"

ರುದ್ರಪ್ಪ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದ. ಪಕ್ಕೆಲುಬುಗಳಿದ್ದವು. ಬಲಗಡೆ ಮೇಲೆ ಬಿಳಿಯ ಮಚ್ಚೆಗಳಿದ್ದವು. ಮತ್ತೇನೂ ಇರಲಿಲ್ಲ. ಅವನ ಕೈ ತಾನಾಗಿಯೇ ಖಾಕಿ ಅಂಗಿಯ ಮೇಲೆ ಎದೆಗೆ ಹೋಯಿತು.

"ಫೋಟೋ ಹೊಡಿಯೂ ಮುಂದ ತಗದಿಟ್ಟಿರಬೇಕು."

"ಉಸಿರು ತಗದಿಡ್ತಾರೇನ್ರಿ? ಹುಟ್ಟಿದಾಗ ಕಟ್ಟಿದ್ದು. ಬೆಳ್ಳಿ ಕರಡಿಗಿ ಐತಿ, ಕಾಣದ ಇರೂದಿಲ್ಲ. ಅವ ತಗದಿದ್ರ ನನ್ನ ಪಾಲಿಗೆ ಮಗ ಇಲ್ಲ. ತಗದಿಲ್ಲಂದ್ರ ಇದು ನನ್ನ ಮಗನ ಎದಿ ಅಲ್ಲ. ಎರಡರಾಗ ಯಾವುದು ಖರೆ, ನೀವ ಹೇಳ್ರಿ."

ಶಾಮರಾವ್‌ಗೆ ರುದ್ರಪ್ಪ ವಿವರಿಸಿ ಹೇಳಬೇಕಾಯಿತು: ಇವರು ಲಿಂಗವಂತರು, ನಾನೂ ಅದೇ, ಸಾಯುವವರೆಗೂ ಅದು ಮೈಮೇಲಿಂದ ಇಳಿಯುವುದಿಲ್ಲ, ಬೆಳ್ಳಿಯ ಕರಡಿಗೆ ಎಕ್ಸ್‌ರೇಯಲ್ಲಿ ಕಾಣಲೇಬೇಕು. ಶಾಮರಾವ್ ನಗು ನುಂಗಿಕೊಂಡು ಲೇಖನಿ ತೆಗೆದ. ಅಪರಿಚಿತ ಆರೋಪಿಯ ಮೇಲೆ ಭಾರತ ದಂಡ ಸಂಹಿತೆಯ ಕಲಂ ೪೨೦ ಮತ್ತು ೪೬೫ರ ಕೆಳಗೆ, ವಂಚನೆ ಹಾಗೂ ಖೋಟಾ ದಾಖಲೆಗೆಂದು, ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ರುದ್ರಪ್ಪ, ಶಾಮರಾವ್ ಇಬ್ಬರೂ ಅಮರಾವತಿ ರಸ್ತೆ ಹಿಡಿದು ವಾಡಿ ದಾಟಿ ಕ್ಷಯದ ಆಸ್ಪತ್ರೆಗೆ ಹೋದರು. ಬಸವಂತ ವಾರ್ಡಿನ ಕೊನೆಯ ಮಂಚದಲ್ಲಿ ಕುಳಿತಿದ್ದ. ಗಟ್ಟಿ ಮೈ, ಅಗಲ ಎದೆ. ಸುತ್ತ ಕೆಮ್ಮುವವರ ನಡುವೆ ಅವನೊಬ್ಬನೇ ಕೆಮ್ಮುತ್ತಿರಲಿಲ್ಲ.

"ಲಿಂಗ ತಗದಿದ್ದೇನು?" ರುದ್ರಪ್ಪ ನೇರವಾಗಿ ಕೇಳಿದ.

"ಏನ್ ಕೇಳ್ತೀರಿ ಸಾಹೇಬ್ರ! ಡಾಕ್ಟರು ತಗಿ ಅಂದ್ರು, ನಾ ಒಲ್ಲೆ ಅಂದೆ. ಡಾರ್ಕ್‌ರೂಮಿನ ಅಕ್ಕ ಒಬ್ಬಾಕಿ ಇದ್ಲು, ನಮ್ಮ ಮಾತಿನಾಕಿ. 'ಇರಲಿ ಬಿಡಪಾ, ತಗೀಬ್ಯಾಡ, ಭುಜದ ಕಡೆ ಸರಿಸಿಕೋ' ಅಂದ್ಲು. ಭಾಳ ಚಲೋ ಹೆಣ್ಣುಮಗಳ್ರಿ."

"ಆಕಿ ಹೆಸರು?"

"ಸತ್ಯಭಾಮಾ ಅಂತ ಕರೀತಿದ್ರು."

ಹಾಸಿಗೆ ಇಷ್ಟು ಜಲ್ದಿ ಹೇಗೆ ಸಿಕ್ಕಿತೆಂದು ರುದ್ರಪ್ಪ ಅಲ್ಲಿನ ಗುಮಾಸ್ತನನ್ನು ವಿಚಾರಿಸಿದ. ಏಪ್ರಿಲ್‌ನಲ್ಲಿ ಹೊಸ ವಾರ್ಡು ತೆರೆದಿತ್ತಂತೆ, ಫಿಲ್ಮು ನೋಡಿದ ವಾರವೇ ಕೊಟ್ಟರಂತೆ. "ಆಗ ಬಂದವನೇ ನಶೀಬವಾನ್, ಅದೃಷ್ಟವಂತ. ಈಗ ಸರದಿ ವರ್ಷದ ತನಕ ಹೋಗಿದೆ" ಎಂದ ಗುಮಾಸ್ತ. ಅಲ್ಲಿಂದಲೇ ಬಸವಂತನನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದು ಹೊಸ ಎಕ್ಸ್‌ರೇ ತೆಗೆಸಿದರು. ಮರುದಿನ ವರದಿ ಬಂತು: ಎಡಭುಜದ ಕೆಳಗೆ ದುಂಡನೆಯ ಲೋಹದ ನೆರಳು, ಶ್ವಾಸಕೋಶ ನಿರ್ಮಲ.

ಬಸವಂತನ ಎದೆಯ ಫೋಟೋ ತೆಗೆದದ್ದು ಗಾಂಧಿಬಾಗಿನ ಬಟ್ಟೆ ಅಂಗಡಿಯೊಂದರ ಮೇಲಿದ್ದ ಡಾಕ್ಟರ್ ಉಪಾಸನಿಯ ಎಕ್ಸ್‌ರೇ ಕ್ಲಿನಿಕ್ಕಿನಲ್ಲಿ. ಪೊಲೀಸರನ್ನು ಕಂಡು ಡಾಕ್ಟರಿಗೆ ಸಿಟ್ಟು ಬಂತು.

"ಬಸವಂತ ಬಂದ ದಿನ ಯಾರ್ಯಾರದು ತೆಗೆದಿರಿ?"

"ಮೂವರದು. ಒಬ್ಬ ಮುದುಕ ವ್ಯಾಪಾರಿ, ಈ ಬಸವಂತ, ಮತ್ತೆ ನಮ್ಮ ಸತ್ಯಭಾಮಾಬಾಯಿಯ ತಮ್ಮ."

"ತಮ್ಮನಿಗೆ ಏತಕ್ಕೆ?"

"ಅಮೇರಿಕಕ್ಕೆ ಹೊರಟಿದ್ದಾನೆ ಸಾಹೇಬ! ಪೂರಾ ಸ್ಕಾಲರ್‌ಶಿಪ್ಪು. ಎದೆ ಸ್ವಚ್ಛ ಇರದಿದ್ದರೆ ವೀಸಾ ಕೊಡುವುದಿಲ್ಲ. ಸ್ವಚ್ಛವಾಗಿತ್ತು, ನಾನೇ ಬರೆದುಕೊಟ್ಟೆ. ಫಿಲ್ಮು ಮುಂಬಯಿಯ ವೀಸಾ ಕಚೇರಿಗೆ ಹೋಯಿತು."

"ಆ ಫಿಲ್ಮಿನಲ್ಲಿ ವಿಶೇಷ ಏನಾದರೂ ಕಂಡಿತ್ತೆ?"

ಡಾಕ್ಟರು ಹಣೆ ತಿಕ್ಕಿಕೊಂಡರು. "ಭುಜದ ಹತ್ತಿರ ಒಂದು ದುಂಡು ನೆರಳಿತ್ತು. ಇದೇನು ಅಂತ ಕೇಳಿದೆ. ತಾಯಿತ ಅಂದಳು ಸತ್ಯಭಾಮಾಬಾಯಿ."

ಶಾಮರಾವ್ ರುದ್ರಪ್ಪನ ಮುಖ ನೋಡಿದ. ಪರದೆಯ ಆಚೆ ಸತ್ಯಭಾಮಾ ಫಿಲ್ಮು ತೊಳೆಯುತ್ತಿದ್ದ ನೀರಿನ ಸದ್ದು ನಿಂತುಹೋಗಿತ್ತು. ರುದ್ರಪ್ಪ ಅವಳನ್ನು ಆಗಲೇ ಕರೆಯಲಿಲ್ಲ. ಮೊದಲು ತಮ್ಮನನ್ನು ನೋಡಬೇಕಿತ್ತು.

ಅಜನಿಯ ರೇಲ್ವೆ ಕ್ವಾರ್ಟರ್ಸ್ ಹಿಂದಿನ ಒಂಟಿ ಕೋಣೆಯಲ್ಲಿ ವೇಣುಗೋಪಾಲ ಟ್ರಂಕಿಗೆ ಬಣ್ಣದಲ್ಲಿ ಹೆಸರು ಬರೆಯುತ್ತಿದ್ದ. ಬಡಕಲು ಹುಡುಗ, ಕಣ್ಣಿನಲ್ಲಿ ಮಾತ್ರ ಎಲ್ಲಿಲ್ಲದ ಹೊಳಪು. ಪಾಸ್‌ಪೋರ್ಟಿನ ವಿಚಾರಣೆಗೆ ಬಂದಿದ್ದಾರೆ ಎಂದುಕೊಂಡು ಕುರ್ಚಿ ಎಳೆದು ಕೊಟ್ಟ.

"ಹೆಂಗ ಸಿಕ್ಕಿತಪಾ ಅಮೇರಿಕಾ?"

"ಉಮರೇಡ್ ಕಡೆ ಕಲ್ಲಿದ್ದಲಿನ ಹುಡುಕಾಟ ನಡದದ ಅಲ್ರಿ, ಅಲ್ಲೆ ಹೋಗಿ ಇದ್ದಲಿನ ಚೂರು ಆರಿಸಿ ತಂದು, ಅದರಾಗ ಕಲ್ಲಾಗಿ ಉಳಿದ ಹಳೇ ಎಲಿ ಗುರುತಿನ ಮ್ಯಾಲೆ ಲೇಖ ಬರದೆ. ಅಲ್ಲಿನ ಹನ್ನೊಂದು ಯೂನಿವರ್ಸಿಟಿಗೆ ಕಳಿಸಿದೆ. ಹತ್ತು ಮಂದಿ ನಕೋ ಅಂದ್ರು. ಒಬ್ಬ ಪ್ರೊಫೆಸರ್ ಮಾತ್ರ 'ಇಂಥಾ ಎಲಿ ನಾ ನೋಡಿಲ್ಲ, ಬಾ' ಅಂದ್ರು. ಫೀ, ಖೋಲಿ, ಊಟ, ದವಾಖಾನಿ, ಹಡಗದ ತಿಕೀಟು, ಸಬ್ ಕುಛ್ ಫುಕಟ, ಒಂದು ಪೈಸಾ ಇಲ್ಲ! ನಮ್ಮಂಥಾವರಿಗೆ ಇಲ್ಲೆ ಎಂ.ಎಸ್ಸಿ. ಮುಗಿಸೂದ ಕಠಿಣ ಇತ್ತ್ರಿ." ಇಷ್ಟು ಹೇಳುವುದರೊಳಗೆ ಕೆಮ್ಮು ಬಂತು. ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಕ್ಕ. "ಇದ್ದಲ ಧೂಳಿ."

"ಕೊರಳಾಗ ಏನ್ ಹಾಕ್ಕೊಂಡೀದಿ?"

"ಜನಿವಾರ್ರಿ. ಮತ್ತೇನದ?"

"ತಾಯಿತ ಗೀಯಿತ?"

"ಛೇ, ಎಂದೂ ಇಲ್ಲ."

ಗೂಡಿನಲ್ಲಿ ಎರಡು ತಟ್ಟೆ, ಎರಡು ಲೋಟ ದೂರ ದೂರ ಇದ್ದವು. ರುದ್ರಪ್ಪನ ಕಣ್ಣು ಅಲ್ಲಿ ನಿಂತಿದ್ದನ್ನು ಕಂಡು ಹುಡುಗ ಮುಖ ಹುಳ್ಳಗೆ ಮಾಡಿದ. "ಅದು ನಮ್ಮಕ್ಕನ ಮಡಿ. ಸಮುದ್ರ ದಾಟಾಂವ ನಾ, ಜಾತಿಗೆ ಹೊರಗಾದೆ ಅಂತ ಕಾಣಸ್ತದ. ಎರಡು ತಿಂಗಳಾತು, ನನ್ನ ತಾಟು ಬ್ಯಾರೆ ಇಟ್ಟು ಕುದಿಯೋ ನೀರಾಗ ತೊಳೀತಾಳ. ಅಪ್ಪ ಸತ್ತಮ್ಯಾಲೆ ಒಂದ ತಾಟಿನಾಗ ಉಂಡವರು ನಾವು. ಭಾಳ ಬ್ಯಾಸರ ಆಗ್ತದ್ರಿ."

ಪಾಪ, ಅದು ಮಡಿಯಲ್ಲ, ಸೋಂಕಿನ ಅಂಜಿಕೆ ಎಂದು ರುದ್ರಪ್ಪನಿಗೆ ಥಟ್ಟನೆ ಹೊಳೆಯಿತು. ಈ ಪ್ರಕರಣ ಮುಂದುವರಿಸಿದರೆ ಹುಡುಗನ ಅಮೇರಿಕ ಮುಳುಗುತ್ತದೆ. ಬಿಟ್ಟರೆ ಬಸವಂತನ ಹೆಸರಿಗೆ ಅಂಟಿದ ಕ್ಷಯ ಅಳಿಯುವುದಿಲ್ಲ, ಈ ಹುಡುಗ ಔಷಧವಿಲ್ಲದೆ ಹಡಗು ಹತ್ತುತ್ತಾನೆ. ಎದ್ದು ಹೊರಬಂದವನು ಕ್ಲಿನಿಕ್ಕಿನಲ್ಲಿ ಪಂಚನಾಮೆಗೆ ಏರ್ಪಾಡು ಮಾಡಲು ಶಾಮರಾವ್‌ಗೆ ಹೇಳಿದ.

ಜೂನ್ ೨೬ರ ಬೆಳಿಗ್ಗೆ ಕ್ಲಿನಿಕ್ಕಿನ ಕತ್ತಲೆ ಕೋಣೆಯಲ್ಲಿ ಪಂಚನಾಮೆ ನಡೆಯಿತು. ಕೆಳಗಿನ ಅಂಗಡಿಯ ಇಬ್ಬರು ಪಂಚರಾಗಿ ನಿಂತರು. ಸತ್ಯಭಾಮಾ ಮೂವತ್ತರ ಹೆಣ್ಣು. ಆಸಿಡ್ ತಾಗಿ ತಾಗಿ ಬೆರಳ ತುದಿಗಳು ಕಂದಿದ್ದವು. ಅವಳು ವಾದಿಸಲೂ ಇಲ್ಲ, ಅಳಲೂ ಇಲ್ಲ. ಹಸಿ ಫಿಲ್ಮು ಒಣಗಿಸುವ ಚೌಕಟ್ಟು, ಅದಕ್ಕೆ ಸಿಗಿಸುವ ಹೆಸರಿನ ಚೀಟಿ ತೋರಿಸಿ, ಹೇಗೆ ಅದಲುಬದಲು ಮಾಡಿದಳೋ ಹಾಗೇ ಮಾಡಿ ತೋರಿಸಿದಳು.

"ಯಾಕ ಮಾಡಿದಿ ತಾಯಿ?"

"ಎರಡೂ ಫಿಲ್ಮು ನೀರಿನಿಂದ ತಗದು ದೀಪಕ್ಕ ಹಿಡದೆ. ವೇಣೂಂದು ನೋಡಿದೆ, ನಮ್ಮಪ್ಪನ ಎದಿ ಹಿಂಗ ಇತ್ರಿ. ಅದ ಜಾಗಾ, ಅದ ಬಿಳಿ ಮಚ್ಚಿ. ಅಪ್ಪಗ ಹಾಸಿಗಿ ಸಿಕ್ಕದ ಅಂತ ಕಾಗದ ಬಂದಾಗ ನಾವು ಹದಿಮೂರನೇ ದಿನದ ಕರ್ಮ ಮಾಡ್ಲಿಕ್ಕೆ ಹತ್ತಿದ್ವಿ. ಕೈ ತಾನ ಚೀಟಿ ತಗೀತು. ಅಲ್ಲಿ ದವಾಖಾನಿನೂ ಫುಕಟ ಅಂತ ವೇಣು ಹೇಳಿದ್ದ. ಅಲ್ಲಿಗೆ ಮುಟ್ಟಿದ್ರ ಸಾಕು, ಅವರು ಉಳಿಸ್ತಾರ ಅಂದುಕೊಂಡೆ."

"ಬಸವಂತನ ಮೈಮ್ಯಾಲೆ ಲಿಂಗ ಇರಲಿ ಅಂದಾಕಿ ನೀನ. ಅದು ಫಿಲ್ಮಿನಾಗ ಕಾಣಲಿಲ್ಲೇನು?"

"ಕಂಡ್ತು. ಮುದುಕಂದು ಬಿಟ್ರ ಬ್ಯಾರೆ ಫಿಲ್ಮು ಇರಲಿಲ್ರಿ."

"ಆ ಹುಡುಗನೂ ಒಬ್ಬ ತಾಯಿ ಮಗ."

"ಅವನ ಎದಿ ಚಲೋ ಇತ್ತು. ಇನ್ನೊಮ್ಮೆ ತಗದ್ರ ಗೊತ್ತಾಗಿ ಬಿಟ್ಟುಬಿಡ್ತಾರ, ಅಷ್ಟರಾಗ ವೇಣು ಹಡಗ ಹತ್ತಿರ್ತಾನ ಅಂತ ದಿನಾ ನನಗ ನಾನ ಹೇಳ್ಕೋತಿದ್ದೆ." ಅವಳು ತಲೆ ತಗ್ಗಿಸಿದಳು. "ಆ ತಾಯೀಗೆ ನನ್ನ ಮಾರಿ ತೋರಿಸಬ್ಯಾಡ್ರಿ."

ಹನ್ನೊಂದು ಗಂಟೆಗೆ ಬಂಧನ ದಾಖಲಾಯಿತು. ಮೆಟ್ಟಿಲಿಳಿಯುವಾಗ ಸುದ್ದಿ ಕೇಳಿದ ವೇಣುಗೋಪಾಲ ಏದುಸಿರು ಬಿಡುತ್ತ ಎದುರಾದ. "ಏನ್ ಮಾಡಿದಿ ಅಕ್ಕಾ? ನನ್ನ ಎದಿ ಸ್ವಚ್ಛ ಇದ್ದಾಗ ಫೋಟೋ ಯಾಕ ಬದಲಿ ಮಾಡಿದಿ?"

ಹೇಳಬೇಡಿ ಎನ್ನುವಂತೆ ಅವಳು ರುದ್ರಪ್ಪನ ಕಡೆ ನೋಡಿದಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ಎಷ್ಟೋ ಮನೆಗಳಿಗೆ ಸಾವಿನ ಸುದ್ದಿ ಮುಟ್ಟಿಸಿದ್ದ ರುದ್ರಪ್ಪನಿಗೆ ಈ ಮಾತು ಬಾಯಿಂದ ಹೊರಡಲು ಕಷ್ಟವಾಯಿತು.

"ಸ್ವಚ್ಛ ಇರಲಿಲ್ಲ ತಮ್ಮಾ."

ಹುಡುಗ ಗೋಡೆ ಹಿಡಿದು ನಿಂತ. "ಇದ್ದಲ ಧೂಳಿ ಅಲ್ಲೇನ್ರಿ?" ಎಂದಷ್ಟೇ ಕೇಳಿದ. ಆಮೇಲೆ ಅಕ್ಕ ಹತ್ತಿರ ಬರಲು ಹೋದಾಗ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಎರಡು ಮೆಟ್ಟಿಲು ಹಿಂದೆ ಸರಿದ. ಬಜಾರಿನ ಜನ ಸುತ್ತ ಸೇರಿದರು. ಶಾಮರಾವ್ ಅವರನ್ನೆಲ್ಲ ಗದರಿಸಿ ಚದುರಿಸಿದ.

ಸಂಜೆ ಠಾಣೆಯಲ್ಲಿ ರುದ್ರಪ್ಪ ಕೇಸ್ ಡೈರಿ ಬರೆದು ಮುಗಿಸಿದ. ಆರೋಪಿಯ ಉದ್ದೇಶ ಎಂಬಲ್ಲಿ, ತಮ್ಮನ ಜೀವ ಉಳಿಸಿಕೊಳ್ಳುವುದು ಎಂದು ಬರೆದ. ಬಸವಂತನ ಬಗ್ಗೆ ರೇಲ್ವೆಯವರಿಗೆ ಪತ್ರ ಹೋಯಿತು. ಮಹಾದೇವಮ್ಮ ಬಂದು ಕೈಮುಗಿದು, ಲಾಕಪ್ಪಿನಲ್ಲಿ ಕುಳಿತ ಸತ್ಯಭಾಮಾಳನ್ನು ಬೈಯದೆ, ಮಾತಾಡಿಸದೆ ಹೊರಟುಹೋದಳು.

ಸತ್ಯಭಾಮಾ ಕಂಬಿಯ ಹತ್ತಿರ ಬಂದಳು. "ಸಾಹೇಬ್ರ, ಬಸವಂತ ಮನೀಗೆ ಹೋದ ಅಂದ್ರ ದವಾಖಾನ್ಯಾಗ ಆ ಹಾಸಿಗಿ ಖಾಲಿ ಆತಲ್ರಿ. ನಮ್ಮ ವೇಣೂಗ ಕೊಡ್ತಾರೇನು?"

ರುದ್ರಪ್ಪ ಅದನ್ನೇ ಕೇಳಲು ಮಧ್ಯಾಹ್ನ ಫೋನು ಮಾಡಿದ್ದ. "ಸರದಿಯವರು ಒಬ್ಬರು ಆಗಲೇ ಬಂದು ಮಲಗ್ಯಾರ ತಾಯಿ. ವೇಣೂನ ಹೆಸರು ನಾನ ಬರಿಸೇನಿ. ಸರದಿ ಉದ್ದ ಐತಿ."

ಅವಳು ಕಂಬಿ ಬಿಡಲಿಲ್ಲ. "ಬಸವಂತಗ ಆ ಹಾಸಿಗಿ ಯಾವಾಗ ಕೊಟ್ಟಿದ್ರು?"

"ಏಪ್ರಿಲದಾಗ. ಫಿಲ್ಮು ನೋಡಿದ ವಾರವೇ."

"ಯಾವ ಫಿಲ್ಮು?" ಎಂದು ಕೇಳಿದವಳು ಉತ್ತರಕ್ಕೆ ಕಾಯಲಿಲ್ಲ. "ನಮ್ಮ ವೇಣೂಂದು," ಎಂದು ತಾನೇ ಹೇಳಿಕೊಂಡಳು. ಬೆಳಿಗ್ಗೆಯಿಂದ ಅಳದಿದ್ದ ಹೆಣ್ಣು ಆಗ ಅತ್ತಳು.