ಸಾಲಿನ ನಡುವೆ ಒಂದು ತಾಮ್ರದ ಬಿಂದಿಗೆ

ಠಾಣೆಯ ಆತ್ಮಹತ್ಯಾ ದಾಖಲೆಯಲ್ಲಿ ಮೂರು ವರ್ಷಗಳಿಂದ ಆ ಬಡಾವಣೆಯ ಒಂದು ಹೆಸರೂ ಇರಲಿಲ್ಲ. ಅದೇ ಅಪರಾಧವಾಗಿ ಕಂಡಿತು!

"ಯಲಹಂಕದ ಸುತ್ತ ಎಂಟು ಬಡಾವಣೆ ನೋಡಿದೀನಿ ಸಾರ್," ಎಂದಳು ದೂರಿತ್ತ ಸಂಶೋಧಕಿ ಸರಳಾ. "ಉಳ್ಳವರಿಗೂ ಇಲ್ಲದವರಿಗೂ ಅಂತರ ಹಿಗ್ಗಿದಷ್ಟೂ ಆತ್ಮಹತ್ಯೆ ಹೆಚ್ಚು. ಪುಟ್ಟೇನಹಳ್ಳಿ ಕೆರೆಯಾಚೆಯ ಈ ಬಡಾವಣೆಯಲ್ಲಿ ಅಂತರ ಎಲ್ಲಕ್ಕಿಂತ ದೊಡ್ಡದು. ಆದ್ರೆ ೨೦೧೧ರಲ್ಲಿ ಕೂಲಿ ಪಿಳ್ಳಪ್ಪ ತೀರಿಕೊಂಡದ್ದೇ ಕೊನೆ. ಆಮೇಲೆ ಸೊನ್ನೆ!"

ಮುಚ್ಚಿಟ್ಟವರಾರು? ಬೆರಳುಗಳೆಲ್ಲ ದಾಖಲೆ ಬರೆಯುವ ಠಾಣೆಯ ರೈಟರ್ ಅಶ್ವತ್ಥ್‌ನತ್ತ ತಿರುಗಿದವು. ಸೋಮವಾರದೊಳಗೆ ಸತ್ಯ ಹೊರಬೀಳದಿದ್ದರೆ ಅವನ ಕೆಲಸ ಹೋಗುವುದು ಖಂಡಿತ. ವಿಚಾರಣೆ ನಿವೃತ್ತ ಇನ್ಸ್‌ಪೆಕ್ಟರ್ ಕೃಷ್ಣಯ್ಯನವರ ಪಾಲಿಗೆ ಬಂತು. ಸಾಕ್ಷಿ ಸುಳ್ಳಾಡೀತು, ಸವೆತ ಸುಳ್ಳಾಡದು— ಇದು ಅವರ ನಂಬಿಕೆ.

"ದುಡ್ಡು ತಗೊಂಡು ಹೆಸರು ಬಿಟ್ಟೆಯೇನಪ್ಪಾ?"

"ಸಾವು ಬಂದಿದ್ರೆ ತಾನೇ ಸಾರ್, ಬರೆಯೋದು?"

ಸ್ಮಶಾನದ ಪುಸ್ತಕವೂ ಅವನ ಮಾತನ್ನೇ ಹೇಳಿತು. ಆಸ್ಪತ್ರೆಯಲ್ಲಿ ಮಾತ್ರ ಒಂದು ವಿಚಿತ್ರ ಕಂಡಿತು: ಆ ಬಡಾವಣೆಯವರಿಗೆ ಮನೋವೈದ್ಯರು ಬರೆದ ಏಳು ಚೀಟಿಗಳಲ್ಲಿ, ರೋಗಿಯನ್ನು ಕರೆತಂದವರ ಸಹಿಯ ಜಾಗದಲ್ಲಿ, ಹೆಸರಿಲ್ಲದ ಒಂದೇ ಹೆಬ್ಬೆಟ್ಟು. ಯಾರದು?

ಮರುದಿನ ಬೆಳಗ್ಗೆ ಅಶ್ವತ್ಥ್‌ನೊಡನೆ ಬಡಾವಣೆಗೆ ನಡೆದರು. ಬೋರ್‌ವೆಲ್ ನಲ್ಲಿಯ ಮುಂದೆ, ಹಿಂದಿನ ಸಂಜೆಯೇ ಸರದಿಗಿಟ್ಟ ಪ್ಲಾಸ್ಟಿಕ್ ಬಿಂದಿಗೆಗಳ ಸಾಲು. ನಡುವೆ ಒಂದು ತಾಮ್ರದ್ದು.

"ಅದು ಗೋಪಾಲಮ್ಮನವರದು ಸಾರ್. ಬೋರ್‌ವೆಲ್ಲೂ ಅವರದೇ. ಹೊಲ ಸೈಟಾಗಿ ಮೂರಂತಸ್ತು ಕಟ್ಟಿದ್ರು. ಆದ್ರೂ ದಿನಾ ಸಾಲಲ್ಲಿ ನಿಲ್ತಾರೆ, ಹಳೇ ಅಭ್ಯಾಸ, ಬಿಡಿ."

ಕೃಷ್ಣಯ್ಯ ಅದನ್ನೆತ್ತಿ ತಿರುಗಿಸಿದರು. ಸಿಮೆಂಟಿಗೆ ಉಜ್ಜಿ ಉಜ್ಜಿ ತಳ ಕಾಗದದಂತೆ ತೆಳುವಾಗಿತ್ತು.

"ಏನ್ ಸಾಮಿ, ನನ್ ಬಿಂದ್ಗೇನೂ ಜಪ್ತಿನಾ?" ಗೋಪಾಲಮ್ಮ ನಗುತ್ತ ಬಂದರು.

"ಅಪರಾಧಿ ಸಿಕ್ಕ ಮೇಲೆ ಜಪ್ತಿ ಏಕೆ ತಾಯಿ? ಮನೆತುಂಬ ನಲ್ಲಿ ಇರುವವರು ದಿನವೂ ಸಾಲಿನಲ್ಲೇಕೆ ನಿಲ್ಲುತ್ತೀರಿ? ಸರದಿ ಬಂದರೂ ಯಾರೂ ಎತ್ತದ ಬಿಂದಿಗೆ ಮಾಳಿಗೆಯಿಂದ ಕಾಣದು. ಬೇರೆಡೆ ಅದನ್ನು ಪಕ್ಕಕ್ಕೆ ತಳ್ಳುತ್ತಾರೆ. ನೀವು, ನೀರಿಗೂ ಬಾರದಷ್ಟು ಯಾರೋ ಸೋತಿದ್ದಾರೆಂದು ತಿಳಿದು, ತುಂಬಿಸಿ ಹೊತ್ತೊಯ್ದು ಆ ಮನೆಯ ಬಾಗಿಲು ತಟ್ಟುತ್ತೀರಿ. ಆಸ್ಪತ್ರೆಯ ಚೀಟಿಗಳಲ್ಲಿನ ಆ ಏಳು ಹೆಬ್ಬೆಟ್ಟು ನಿಮ್ಮದೇ ಅಲ್ಲವೇ?"

ಅವರ ನಗು ಆರಿತು. "ಪಿಳ್ಳಪ್ಪ ನಮ್ಮೊಲ್ದಾಗೇ ದುಡ್ದೋನು ಸಾಮಿ. ಒಲ ಮಾರಿದ್ವು, ನಮಗೆ ಮಾಳಿಗೆ ಬಂತು, ಅವನಿಗೆ ಏನೂ ಇಲ್ಲ. ಅವನು ಸತ್ತ ದಿನ ಮೋಟ್ರು ಆಕೋಕೆ ಬಂದಿದ್ದೆ. ಅವನ ಬಿಂದ್ಗೆ ಇಂಗೇ ನಿಂತಿತ್ತು. ನಾನೇ ಕಾಲಾಗೆ ಸರಿಸ್ದೆ."

ಕೃಷ್ಣಯ್ಯನವರ ಕೈಗಳು ತಾವಾಗಿಯೇ ಮುಗಿದವು. ದಾಖಲೆ ಸತ್ಯವಾಗಿತ್ತು, ಅಶ್ವತ್ಥ್ ನಿರ್ದೋಷಿ. ಅವನು ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಹಸಿರು ಬಿಂದಿಗೆಯೊಂದರ ಸರದಿ ಬಂತು. ಎತ್ತುವವರಿಲ್ಲ.

"ಜೈನಾಬ್‌ದು," ಎಂದರು ಗೋಪಾಲಮ್ಮ. ತುಂಬಿಸಿ ಸೊಂಟಕ್ಕಿಟ್ಟರು. "ಒಸಿ ಸರೀರಿ ಸಾಮಿ."

ದೇವರ ಪಲ್ಲಕ್ಕಿಗೆ ಬಿಡುವಂತೆ ಕೃಷ್ಣಯ್ಯ ದಾರಿ ಬಿಟ್ಟರು.