ಸೊಸೆಯ ದುಡಿಮೆ

“ಮಗೂನ ಮುಟ್ಟಬೇಡ!”

ಸೂಟ್‌ಕೇಸ್ ಕೆಳಗಿಳಿಸಿ ಸೊಸೆ ಮಗಳತ್ತ ಕೈ ಚಾಚಿದ್ದಳಷ್ಟೇ, ಅತ್ತೆಯ ಮಾತು ಚಾಟಿಯಂತೆ ಬಂದು ಬಿತ್ತು. ಆರು ವರ್ಷದ ಮಗಳು ಅಜ್ಜಿಯ ಸೆರಗಿನ ಮರೆಗೆ ಸರಿದು, ಯಾರೋ ಹೊಸಬರನ್ನು ನೋಡುವಂತೆ ಇಣುಕಿದಳು.

“ಅತ್ತೆ, ನಾನು ಹೆತ್ತ ಮಗು...”

“ಹೆತ್ತರೆ ಸಾಕಾ? ಹೋದ ಸಲ ರಜೆಗೆ ಬಂದೆ, ಮುದ್ದು ಮಾಡಿ ಹಚ್ಚಿಕೊಂಡೆ, ವಿಮಾನ ಹತ್ತಿ ಹೋದೆ. ಜ್ವರ ಬಂದು ‘ಅಮ್ಮಾ, ಅಮ್ಮಾ’ ಅಂತ ಇವಳು ಕನವರಿಸುವಾಗ ಪಕ್ಕದಲ್ಲಿ ಕೂತಿದ್ದೋಳು ನಾನು! ಮತ್ತೆ ಹೋಗೋಳೇ ತಾನೇ ನೀನು? ದುಡ್ಡು ಕಳಿಸಿಬಿಟ್ರೆ ಆಗೋಯ್ತಾ?”

ಸೊಸೆಯದು ಪರದೇಶದ ಆಸ್ಪತ್ರೆಯಲ್ಲಿ ಐದು ವರ್ಷ ನರ್ಸ್ ಕೆಲಸ. ಇಲ್ಲಿ ನಾಲ್ಕು ತಿಂಗಳು ದುಡಿದರೂ ಸಿಗದ ಸಂಬಳ ಅಲ್ಲಿ ಒಂದೇ ತಿಂಗಳಿಗೆ. ಇರಲು ಆಸ್ಪತ್ರೆಯದೇ ಕೋಣೆ, ಊಟಕ್ಕೆ ಅವರದೇ ಮೆಸ್ಸು. ಜೊತೆಯವರು ರಜೆಯ ದಿನ ಬಜಾರು ಸುತ್ತಿದರೆ ಇವಳು ಓವರ್‌ಟೈಮಿಗೆ ನಿಲ್ಲುತ್ತಿದ್ದಳು. ಬಡಗಿ ಗಂಡ ಇನ್ನೊಬ್ಬರ ಕಾರ್ಖಾನೆಯಲ್ಲಿ ಬೈಸಿಕೊಂಡು ಮರ ಹೆರೆಯುವುದನ್ನು ನೆನೆದರೆ ಸಾಕು, ದಣಿವೆಲ್ಲ ಎಲ್ಲಿಗೋ ಓಡಿಹೋಗುತ್ತಿತ್ತು!

“ಅತ್ತೆ, ಒಂದೇ ಒಂದು ಸಲ ನನ್ನ ಜೊತೆ ಬನ್ನಿ. ಆಮೇಲೆ ಬೇಕಾದ್ರೆ ನನ್ನ ಮುಖಕ್ಕೇ ಬಾಗಿಲು ಹಾಕಿ.”

ಅದೇನು ಅನ್ನಿಸಿತೋ, ಅತ್ತೆ ಗೊಣಗುತ್ತಲೇ ಮೊಮ್ಮಗಳ ಕೈಹಿಡಿದು ಹೊರಟರು.

ಕಾರ್ಖಾನೆಯ ಬಾಗಿಲಲ್ಲಿ ಮುದಿ ಮಾಲೀಕ ಕಾದಿದ್ದ. ಸಂಜೆ ಬರಬೇಕಿದ್ದ ಹೆಂಡತಿಯನ್ನು ಕಂಡು, ಮೈತುಂಬ ಮರದ ಪುಡಿ ಮೆತ್ತಿಕೊಂಡ ಗಂಡ ಓಡಿಬಂದ. ಮಾಲೀಕ ಬೀಗದ ಕೈ ಗೊಂಚಲನ್ನು ಅವನ ಅಂಗೈಯಲ್ಲಿಟ್ಟ.

“ಏನಯ್ಯಾ ಬೆಪ್ಪಾಗಿ ನೋಡ್ತೀಯ? ನಾನು ಇದನ್ನ ಮಾರ್ತೀನಿ ಅಂದದ್ದೇ ತಡ, ನಿನ್ನ ಹೆಂಡ್ತಿ ಫೋನಲ್ಲೇ ವ್ಯಾಪಾರ ಕುದುರಿಸಿದ್ರು. ಕೊನೇ ಕಂತೂ ಬಂತು. ಇನ್ಮೇಲೆ ಇಲ್ಲಿ ಯಜಮಾನ ನೀನು... ಅಲ್ಲಲ್ಲ, ನೀವು!”

ಗಂಡ ಹೆಂಡತಿಯತ್ತ ತಿರುಗಿದ. “ನನಗೊಂದು ಮಾತು ಹೇಳಬಾರದಿತ್ತೇನೇ...”

“ಹೇಳಿದ್ರೆ ಬೇಡ ಅಂತಿದ್ರಿ!” ಎಂದು ನಗುತ್ತಲೇ ಅತ್ತಳು. “ಅತ್ತೆ, ಕೆಲಸ ಬಿಟ್ಟು ಬಂದಿದ್ದೀನಿ. ಅಲ್ಲಿಗೆ ಹೋಗಿದ್ದೇ ಇವರಿಗೊಂದು ಸ್ವಂತ ಕಾರ್ಖಾನೆ ಆಗಲಿ ಅಂತ. ಇನ್ನು ಹೋಗಲ್ಲ.”

ಅತ್ತೆ ಮೊಮ್ಮಗಳ ಬೆನ್ನು ಸವರಿ ಮೆಲ್ಲಗೆ ಮುಂದಕ್ಕೆ ಬಿಟ್ಟರು. “ಹೋಗಮ್ಮಾ... ನಿಮ್ಮಮ್ಮ ನಮ್ಮ ಜೊತೇನೇ ಇರ್ತಾಳಂತೆ.”

ಹುಡುಗಿ ಅನುಮಾನದಿಂದಲೇ ಕೇಳಿದಳು: “ನಾಳೇನೂ ಇರ್ತೀಯಾ?”

“ನಾಳೇನೂ, ನಾಡಿದ್ದೂ, ನೀನು ಸಾಕು ಅಂದ್ರೂ!”

ಪುಟ್ಟ ತೋಳುಗಳು ಅವಳ ಕೊರಳನ್ನು ಬಿಗಿಯಾಗಿ ಅಪ್ಪಿದವು... ಬೀದಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ಅತ್ತೆ ಕಣ್ಣೊರೆಸಿಕೊಂಡು ಅವರತ್ತ ತಿರುಗಿದರು.

“ಏನು ನೋಡ್ತೀರಿ? ನನ್ನ ಸೊಸೆ ಬೆವರು ಸುರಿಸಿ ಕೊಂಡಿದ್ದು ಇದು! ಬಾಗಿಲು, ಕಿಟಕಿ, ಮಂಚ... ಏನು ಬೇಕಿದ್ರೂ ಇಲ್ಲೇ ಮಾಡಿಸ್ಕೊಳ್ಳಿ. ಚೌಕಾಸಿ ಮಾಡೋದಿದ್ರೆ ಮಾತ್ರ ನನ್ನ ಹತ್ರ ಬನ್ನಿ!”