ಕುಮಟಾ ದಂಡೆಯ ದಸ್ತಗಿರಿ

೧೯೨೬ರ ಜನವರಿ ಹನ್ನೊಂದರ ಬೆಳಿಗ್ಗೆ ಹತ್ತಿ ವ್ಯಾಪಾರಿ ಗುರುಶಿದ್ದಪ್ಪ ಏದುಸಿರು ಬಿಡುತ್ತ ಹುಬ್ಬಳ್ಳಿ ಠಾಣೆಗೆ ಬಂದ.

“ಸಾಹೇಬ್ರ, ನಮ್ಮ ಅವ್ವನ್ನ ಗಾಡಿಯಾಳು ಫಕೀರಪ್ಪ ಅಪಹರಿಸ್ಯಾನ್ರಿ! ಎತ್ತು, ಗಾಡಿ ಎಲ್ಲಾ ಹೋದ್ವು. ನಾ ವಾರದಿಂದ ಗದಗಿನಾಗಿದ್ದೆ. ಹೆಂಡತಿ ತವರಿಗೆ ಹೋಗ್ಯಾಳ.”

ಫೌಜದಾರ ಮೈಲಾರಲಿಂಗಪ್ಪ ಎಫ್‌ಐಆರ್ ಬರೆಸಿದರು.

“ಅವ್ವಾರ ಬಂಗಾರ?”

“ಮನ್ಯಾಗ ಐತ್ರಿ.”

“ಮತ್ತೇನು ಕಾಣವಲ್ದು?”

“ಒಂದು ಬುಟ್ಟಿ ಕಟಕ ರೊಟ್ಟಿ, ಶೇಂಗಾ ಚಟ್ನಿ.”

ಬಂಗಾರ ಬಿಟ್ಟು ರೊಟ್ಟಿ ಒಯ್ಯುವ ಕಳ್ಳನನ್ನು ಫೌಜದಾರರು ಈವರೆಗೆ ಕಂಡಿರಲಿಲ್ಲ. ಆದರೂ ಅಪಹರಣ ಸಾಬೀತಾದರೆ ಫಕೀರಪ್ಪನಿಗೆ ಜೈಲು ಖಂಡಿತವಿತ್ತು.

ಗಾಡಿ ಶಿರಸಿ ರಸ್ತೆ ಹಿಡಿದಿತ್ತೆಂದು ಪೇದೆ ಮಕಬೂಲಸಾಬ ಸುಂಕದ ನಾಕಾದಲ್ಲಿ ವಿಚಾರಿಸಿ ಬಂದ. ಗುರುಶಿದ್ದಪ್ಪನೂ ಸೇರಿ ಮೂವರೂ ಸರ್ವಿಸ್ ಮೋಟಾರು ಹತ್ತಿದರು. ಮುಂಡಗೋಡದಲ್ಲಿ, ಆ ಗಾಡಿಯನ್ನು ಕಂಡಿದ್ದ ಚಹಾ ಅಂಗಡಿಯ ಹಾಜರಾಬಿ ಸಿಕ್ಕಳು. ಫೌಜದಾರರು ಕೇಳಿದರು:

“ಆ ಅಜ್ಜೀನ ಹೆದರಿಸಿ ಒಯ್ಯಾಕತ್ತಿದ್ನೇನು?”

“ಅಯ್ಯ, ಅಜ್ಜೀನ ಅವನ್ನ ಹೆದರಸಾಕತ್ತಿದ್ಲ್ರಿ! ಲಗೂ ಹೊಡಿ, ಕುಮಟಾ ಮುಟ್ಟಬೇಕು ಅಂತ.”

ಮರುದಿನ ಮಧ್ಯಾಹ್ನ ಕುಮಟಾದಾಚೆ, ಕಾಡುಕಣಿವೆಯ ತಲೆಯಲ್ಲಿ, ಗಾಡಿ ಸಿಕ್ಕಿತು. ಎತ್ತುಗಳು ನೆರಳಲ್ಲಿ ಮೆಲುಕು ಹಾಕುತ್ತಿದ್ದವು. ಊರಿನ ಇಬ್ಬರು ಪಂಚರನ್ನು ಕರೆಸಿ ಪಂಚನಾಮೆ ಮಾಡಿಸಿ, ಫೌಜದಾರರು ಕಾಲುದಾರಿ ಹಿಡಿದರು.

ದಾರಿ ಒತ್ತಾದ ಮರಗಳ ಕೆಳಗೆ ಇಳಿಯುತ್ತಿತ್ತು. ತರಗೆಲೆಯ ಮೇಲೆ ಬೂಟು ಜಾರುತ್ತಿತ್ತು. ಎಲ್ಲೋ ಮಂಗಟ್ಟೆ ಹಕ್ಕಿ ಕೂಗಿತು. ಬಯಲುಸೀಮೆಯ ಮೂವರೂ ತಲೆಯೆತ್ತಿ ನಿಂತುಬಿಟ್ಟರು. ಮುಂದೆ ಹೋದಂತೆ ಗಾಳಿ ಉಪ್ಪಾಯಿತು, ಮರಗಳು ತೆರವಾದವು. ಕರಿಬಂಡೆಗಳ ಆಚೆ ಕಣ್ಣು ಹಾಯುವಷ್ಟೂ ನೀರು.

“ಯಾ ಅಲ್ಲಾ!” ಎಂದ ಮಕಬೂಲಸಾಬ. ಫೌಜದಾರರು ಟೊಪ್ಪಿಗೆ ತೆಗೆದರು. ಅವರೂ ಸಮುದ್ರ ನೋಡಿದ್ದು ಅದೇ ಮೊದಲು.

ಬಂಡೆಯ ಮೇಲೆ, ಇಳಕಲ್ ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು, ಗುರುಶಿದ್ದಪ್ಪನ ಅವ್ವ ಶಿವಬಸವ್ವ ಕೂಸಿನಂತೆ ನಗುತ್ತಿದ್ದಳು. ಬದಿಗಿದ್ದ ಫಕೀರಪ್ಪ ಪೊಲೀಸರನ್ನು ಕಂಡು ಕೈಮುಗಿದ.

“ನಾನ ಕರಕೊಂಡ ಬಂದೇನ್ರಿ. ನನ್ನ ಹಿಡೀರಿ.”

“ಸುಳ್ಳ! ಕೆಲಸಾ ಬಿಡಸ್ತೇನಿ ಅಂತ ಹೆದರಿಸಿ ತಂದಾಕಿ ನಾನು,” ಎಂದಳು ಮುದುಕಿ.

“ಮಗಗ ಯಾಕ ಹೇಳ್ಲಿಲ್ಲ?”

“ಹೇಳೇನ್ರಿ. ಹತ್ತಿ ಸುಗ್ಗಿ ಮುಗೀಲಿ ಅಂತಾನ. ಹತ್ತಿ ಸುಗ್ಗಿ ವರ್ಷಾ ಬರತೈತಿ.”

ಗುರುಶಿದ್ದಪ್ಪ ತಲೆ ತಗ್ಗಿಸಿದ. “ಫಿರ್ಯಾದಿ ಹಿಂದ ತಗೋತೇನ್ರಿ,” ಎಂದು ಮೆಲ್ಲಗೆ ಅಂದ.

“ಅದು ಠಾಣ್ಯಾಗ ನೋಡೋಣು. ಅವ್ವಾರ, ನಿಮ್ಮನ್ನ ದಸ್ತಗಿರಿ ಮಾಡೇನ್ರಿ. ಕೈ ಕೊಡ್ರಿ.”

ಪಾಚಿಯ ಬಂಡೆಯಿಂದ ಜಾರದಂತೆ ಫೌಜದಾರರು ಅವಳ ಕೈಹಿಡಿದು ಇಳಿಸಿದರು. ಆಚೆಯ ಕೈಯನ್ನು ಮಗ ಹಿಡಿದ. ತೆರೆ ಬಂದು ಮೂವರ ಕಾಲನ್ನೂ ತೋಯಿಸಿತು. ಗುರುಶಿದ್ದಪ್ಪ ಧೋತರ ಎತ್ತಿಕೊಂಡು ಕುಣಿದ.

ಅಲ್ಲಿಯೇ ಬರೆಸಿಕೊಂಡ ಅವಳ ಹೇಳಿಕೆ ಹೀಗಿತ್ತು: “ರೈಲು ಬರೂದಕಿಂತ ಮೊದಲ ನಮ್ಮ ಯಜಮಾನ್ರು ಹತ್ತಿ ಗಾಡಿ ಹೊಡಕೊಂಡು ಕುಮಟಾಕ್ಕ ಬರತಿದ್ರು. ಅಲ್ಲಿ ನೀರು ತಾನ ಬಂದು ಕಾಲು ಮುಟ್ಟತೈತಿ ಅಂತಿದ್ರು. ಎಂಥಾ ಸುಳ್ಳ ಹೇಳ್ತೀರಿ ಅಂತ ಅವರು ಇರೂತನಕ ನಕ್ಕೆ. ಖರೇನ ಹೇಳಿದ್ರು ನೋಡ್ರಿ.”